ಜತ್ತ ಸೀಮೆಯನ್ನು ಕುರಿತು ಆರು ಪ್ರಶ್ನೆಗಳು

ಸಾಮಾನ್ಯಜ್ಞಾನದ ಸ್ಪರ್ಧೆಗಳಲ್ಲಿ ನಮ್ಮ ಮಕ್ಕಳು ಹಿಂದೆ ಬೀಳುವವರಲ್ಲ. ಜಗತ್ತಿನ ಅತ್ಯುನ್ನತ ಶಿಖರ ಯಾವುದು, ಪಾಣಿಪತ್ತದ ಮೂರನೆಯ ಯುದ್ಧ ಯಾವ ವರ್ಷ ನಡೆಯಿತು ಎಂದು ಕೇಳಿದರೆ ತಡವರಿಸದೆ ಉತ್ತರ ಕೊಡುವರು. ಆದರೆ ‘ನಿಮ್ಮ ತಾಲೂಕಿನಲ್ಲಿ ಹುಟ್ಟಿದ ಮಹನೀಯರೊಬ್ಬರ ಹೆಸರು ಹೇಳು’ ಎಂದರೆ ಅದೇ ಮಗು ತಂದೆಯ ಮುಖ ನೋಡುವುದು, ತಂದೆಯೂ ಸುಮ್ಮನಾಗುವನು. ಇದಕ್ಕಾಗಿ ಮಗುವನ್ನು ದೂರಲಾಗದು. ಕರ್ನಾಟಕದ ಪಠ್ಯಪುಸ್ತಕಕ್ಕೆ ಜತ್ತವು ಗಡಿಯಾಚೆಯ ಊರು. ಮಹಾರಾಷ್ಟ್ರದ ಪಠ್ಯಪುಸ್ತಕಕ್ಕೆ ರಾಜ್ಯದ ತುದಿಯ ಊರು. ಎರಡು ಪುಸ್ತಕಗಳ ನಡುವೆ ಉಳಿದುಹೋದ ಈ ಸೀಮೆಯ ಕಥೆಯನ್ನು ಮನೆಯವರೇ ಹೇಳಬೇಕಾಗಿದೆ. ಆ ಉದ್ದೇಶದಿಂದ ಆರು ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಇಲ್ಲಿ ವಾಚಕರ ಮುಂದಿಟ್ಟಿದೆ.

ಮೊದಲನೆಯ ಪ್ರಶ್ನೆ: ಈ ತಾಲೂಕಿನ ಒಂದು ಊರಲ್ಲಿ ಹುಟ್ಟಿ, ಇನ್ನೊಂದು ಊರಲ್ಲಿ ಪೂಜೆಗೊಳ್ಳುತ್ತಿರುವ ಶರಣೆ ಯಾರು? ಗುಡ್ಡಾಪುರದ ದಾನಮ್ಮದೇವಿ. ಆಕೆ ಉಮರಾಣಿಯಲ್ಲಿ ಜನಿಸಿದಳು, ಹುಟ್ಟುಹೆಸರು ಲಿಂಗಮ್ಮ, ಆಕೆಯ ದಾಸೋಹನಿಷ್ಠೆಯನ್ನು ಕಂಡು ಬಸವಣ್ಣನವರು ದಾನಮ್ಮನೆಂದು ಕರೆದರು ಎಂಬುದು ಭಕ್ತರ ಪರಂಪರೆ. ಹನ್ನೆರಡನೆಯ ಶತಮಾನವು ನಮಗೆ ದೂರದ ಕಾಲವೆನಿಸಬಹುದು. ಆದರೆ ಅದರ ಸ್ಥಳಗಳು ದೂರವಿಲ್ಲ. ಕಲ್ಯಾಣವನ್ನು ವಶಪಡಿಸಿಕೊಂಡ ಕಲಚೂರಿ ಬಿಜ್ಜಳನ ಮೊದಲ ರಾಜಧಾನಿಯಾದ ಮಂಗಳವೇಢೆಯು ನಮ್ಮ ಉತ್ತರಕ್ಕೆ ನೆರೆಯ ತಾಲೂಕೇ ಆಗಿದೆ. ಇಂದು ಗುಡ್ಡಾಪುರಕ್ಕೆ ನಡೆದು ಬರುವ ಭಕ್ತರಲ್ಲಿ ಕನ್ನಡಿಗರೂ ಮರಾಠಿಗರೂ ಇರುವರು.

ಎರಡನೆಯ ಪ್ರಶ್ನೆ: ಖಡ್ಗಕ್ಕಿಂತ ನೀರು ನಿರ್ಣಾಯಕವಾದ ಯುದ್ಧ ಎಲ್ಲಿ ನಡೆಯಿತು? ಅದೇ ಉಮರಾಣಿಯಲ್ಲಿ, ಕ್ರಿ. ಶ. 1673ರಲ್ಲಿ. ಶಿವಾಜಿ ಮಹಾರಾಜರ ಸೇನಾಪತಿ ಪ್ರತಾಪರಾವ ಗುಜರನು ಬಿಜಾಪುರದ ಸರದಾರ ಬಹಲೋಲಖಾನನ ದಂಡಿಗೆ ನೀರು ಸಿಗದಂತೆ ಮಾಡಿದನು. ಬೇಸಗೆಯ ದಿನಗಳಲ್ಲಿ ನೀರಡಿಸಿ ಕಂಗೆಟ್ಟ ಖಾನನು ಸಂಧಿಗೆ ಬಂದನು. ಪ್ರತಾಪರಾವನು ಅವನನ್ನು ಹೋಗಗೊಟ್ಟನು. ಈ ಔದಾರ್ಯವು ಮಹಾರಾಜರಿಗೆ ಒಪ್ಪಿಗೆಯಾಗಲಿಲ್ಲ. ಆ ಅಸಮಾಧಾನದ ಭಾರವನ್ನು ಹೊತ್ತ ಪ್ರತಾಪರಾವನು 1674ರ ಫೆಬ್ರವರಿಯಲ್ಲಿ ನೇಸರಿಯ ಬಳಿ ಆರೇ ಮಂದಿ ಸವಾರರೊಡನೆ ಶತ್ರುಸೈನ್ಯದ ಮೇಲೆ ನುಗ್ಗಿ ಮಡಿದನು. ಆ ಏಳು ಜನ ವೀರರನ್ನು ಕುರಿತು ಕುಸುಮಾಗ್ರಜರು ಬರೆದ, ಲತಾ ಮಂಗೇಶಕರರು ಹಾಡಿದ ಗೀತೆಯನ್ನು ಮಹಾರಾಷ್ಟ್ರದಲ್ಲಿ ಕೇಳದವರು ವಿರಳ. ಅದರ ಪೂರ್ವಕಥೆ ನಮ್ಮ ಉಮರಾಣಿಯ ನೀರಿನಲ್ಲಿದೆ ಎಂಬುದನ್ನು ಬಲ್ಲವರು ಇನ್ನೂ ವಿರಳ. ಅಂದ ಹಾಗೆ, ಅದೇ ಲತಾ ಅವರು 1967ರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರಕ್ಕಾಗಿ ಕನ್ನಡದಲ್ಲಿಯೂ ಹಾಡಿರುವರು.

ಮೂರನೆಯ ಪ್ರಶ್ನೆ: ನಮ್ಮ ಜಿಲ್ಲೆಯ ಮುಖ್ಯಪಟ್ಟಣದಲ್ಲಿ ಹುಟ್ಟಿದ ಮರಾಠಿ ರಂಗಭೂಮಿಗೆ ಪ್ರೇರಣೆ ಎಲ್ಲಿಂದ ಬಂದಿತು? ಕನ್ನಡದ ಯಕ್ಷಗಾನದಿಂದ. ಉತ್ತರ ಕನ್ನಡ ಸೀಮೆಯ ಕರ್ಕಿಯ ಭಾಗವತ ಮೇಳವು 1842ರಲ್ಲಿ ಸಾಂಗಲಿಯಲ್ಲಿ ಆಟವಾಡಿತು. ಅದನ್ನು ಕಂಡ ಸಂಸ್ಥಾನಾಧಿಪತಿ ಚಿಂತಾಮಣರಾವ ಪಟವರ್ಧನರು ಮರಾಠಿಯಲ್ಲಿಯೂ ಇಂಥದನ್ನು ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವಂಬರ 5ರಂದು ‘ಸೀತಾಸ್ವಯಂವರ’ ರಂಗವನ್ನೇರಿತು. ಇದನ್ನು ಹೆಚ್ಚುಗಾರಿಕೆಗಾಗಿ ಹೇಳುವುದಲ್ಲ. ನೆರೆಹೊರೆಯ ಕೊಡುಕೊಳ್ಳುವಿಕೆ ಎಷ್ಟು ಹಳೆಯದೆಂಬುದನ್ನು ತಿಳಿಯಲಿಕ್ಕಾಗಿ.

ನಾಲ್ಕನೆಯ ಪ್ರಶ್ನೆ: ಅದೇ 1843ರಲ್ಲಿ ಈ ತಾಲೂಕಿನಲ್ಲಿ ಜನಿಸಿದ ಸಂತರು ಯಾರು? ಉಮದಿಯ ಭಾವೂಸಾಹೇಬ ಮಹಾರಾಜರು. ನಿಂಬರಗಿ ಮಹಾರಾಜರ ಶಿಷ್ಯರಾದ ಇವರು ಇಂಚಗೇರಿಯಲ್ಲಿ ಮಠವನ್ನು ಕಟ್ಟಿದರು, 1914ರಲ್ಲಿ ಸಮಾಧಿಸ್ಥರಾದರು. ಜಮಖಂಡಿಯಲ್ಲಿ ಹುಟ್ಟಿ ಅಲಹಾಬಾದ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರವನ್ನು ಬೋಧಿಸಿದ ಗುರುದೇವ ರಾನಡೆಯವರು ಇವರ ಶಿಷ್ಯರು. ರಾನಡೆಯವರು ಮಹಾರಾಷ್ಟ್ರದ ಸಂತರನ್ನು ಕುರಿತೂ ಕನ್ನಡದ ಅನುಭಾವಿಗಳನ್ನು ಕುರಿತೂ ಗ್ರಂಥಗಳನ್ನು ಬರೆದರು. ಇದೇ ಪರಂಪರೆಯ ಸಿದ್ಧರಾಮೇಶ್ವರ ಮಹಾರಾಜರಿಂದ ಉಪದೇಶ ಪಡೆದವರು ಮುಂಬಯಿಯ ನಿಸರ್ಗದತ್ತ ಮಹಾರಾಜರು. ಬೀಡಿ ಅಂಗಡಿಯನ್ನಿಟ್ಟು ಬಾಳಿದ ಅವರ ಸಂಭಾಷಣೆಗಳು 1973ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಗಿ ಪರದೇಶಗಳಲ್ಲಿಯೂ ಓದುಗರನ್ನು ಪಡೆದವು.

ಐದನೆಯ ಪ್ರಶ್ನೆ: ಮನೆಯನ್ನು ಬಿಡದೆಯೇ ಹದಿಮೂರು ವರ್ಷಗಳಲ್ಲಿ ನಾಲ್ಕು ವಿಳಾಸಗಳನ್ನು ಕಂಡವನು ಯಾರು? 1947ರಿಂದ 1960ರ ವರೆಗೆ ಬಾಳಿದ ಜತ್ತದ ಯಾವನೇ ರೈತ. ಮೊದಲಿಗೆ ಅವನು ಡಫಳೆ ಮನೆತನದ ಜತ್ತ ಸಂಸ್ಥಾನದ ಪ್ರಜೆ. 1948ರ ಮಾರ್ಚಿನಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ಊರು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಿಂದ ವಿಸ್ತೃತ ದ್ವಿಭಾಷಾ ಮುಂಬಯಿ ರಾಜ್ಯ ಬಂದಿತು. 1960ರಲ್ಲಿ ರಾಜ್ಯಕ್ಕೆ ಮಹಾರಾಷ್ಟ್ರವೆಂದೂ ಜಿಲ್ಲೆಗೆ ಸಾಂಗಲಿಯೆಂದೂ ಹೆಸರಾಯಿತು. ಇಷ್ಟಾದರೂ ಅವನ ಮನೆಯ ತೊಟ್ಟಿಲ ಪದ ಮಾತ್ರ ಕನ್ನಡದಲ್ಲಿಯೇ ಉಳಿಯಿತು.

ಆರನೆಯ ಪ್ರಶ್ನೆ: ವಿಸ್ತೀರ್ಣದಲ್ಲಿ ಜಿಲ್ಲೆಗೆಲ್ಲ ದೊಡ್ಡದಾದ ಈ ತಾಲೂಕಿಗೆ ನೀರಿನ ಬಡತನವೇಕೆ? ಸಹ್ಯಾದ್ರಿಯು ಮುಂಗಾರು ಮೋಡಗಳನ್ನು ತಡೆಯುವುದರಿಂದ ನಾವು ಮಳೆನೆರಳಿನಲ್ಲಿರುವೆವು. ಬೋರ ನದಿಯು ಇಲ್ಲಿಂದ ಪೂರ್ವಕ್ಕೆ ಭೀಮೆಯ ಕಡೆಗೆ ಹರಿಯುವುದಾದರೂ ಬೇಸಗೆಯಲ್ಲಿ ಒಣಗುವುದು. ಆದ್ದರಿಂದಲೇ ಈ ನೆಲವು ಕುರಿ ಮತ್ತು ಎತ್ತುಗಳ ನೆಲವಾಯಿತು: ಮಾಡಗ್ಯಾಳದ ಎತ್ತರದ ಕುರಿಗಳೂ ಖಿಲಾರಿ ಎತ್ತುಗಳೂ ಇಲ್ಲಿಯ ಹೆಮ್ಮೆ. ಈಚೆಗೆ ಮ್ಹೈಸಾಳ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದಿದೆ. 2022ರಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರೂ ಕೆಲವು ಗಡಿಗ್ರಾಮಗಳಿಗೆ ಹರಿಯಿತು. ನೀರು ಯಾರ ಕೈಯಲ್ಲಿದೆ ಎಂಬ ಉಮರಾಣಿಯ ಪ್ರಶ್ನೆ ಮೂರೂವರೆ ಶತಮಾನಗಳ ಮೇಲೆಯೂ ಹಳೆಯದಾಗಿಲ್ಲ.

ಏಳನೆಯ ಪ್ರಶ್ನೆಯನ್ನು ವಾಚಕರಿಗೇ ಬಿಟ್ಟಿದೆ. ನಿಮ್ಮ ಹೊಲಕ್ಕೆ ಆ ಹೆಸರು ಏಕೆ ಬಂದಿತು? ಊರ ಬಾವಿಯನ್ನು ತೋಡಿಸಿದವರು ಯಾರು? ಅಗಸಿಯ ಬಳಿಯ ವೀರಗಲ್ಲು ಯಾರದು? ಇವುಗಳ ಉತ್ತರ ಅಜ್ಜ-ಅಜ್ಜಿಯರ ಬಾಯಲ್ಲಿ ಮಾತ್ರ ಇದೆ. ಅವರು ಹೋದ ಮೇಲೆ ಕೇಳಲು ಯಾರೂ ಸಿಗಲಾರರು. ಆದ್ದರಿಂದ ಪ್ರತಿಯೊಂದು ಮನೆಯವರೂ ಒಂದು ವಹಿಯನ್ನು ತೆಗೆದಿಡಲಿ. ಹಿರಿಯರು ಹೇಳಲಿ, ಶಾಲೆಗೆ ಹೋಗುವ ಮಗು ಕನ್ನಡದಲ್ಲಿ ಬರೆದುಕೊಳ್ಳಲಿ.