ಮಲೆನಾಡಿನ ಮಂಗಗಳ ಪಾದ: ಎಲುಬಿನ ಅಳತೆಯಲ್ಲಿ ವಯಸ್ಸು ಮತ್ತು ಗಾತ್ರ

ಸಿದ್ದಾಪುರದ ಕತ್ತಲೆಕಾನಿನ ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ. ಶಿರಸಿ, ಯಲ್ಲಾಪುರಗಳ ತೋಟ-ರಸ್ತೆಗಳಲ್ಲಿ ಕಾಣುವ ಮಂಗಕ್ಕೆ ಮರವೂ ಸೈ, ನೆಲವೂ ಸೈ. ಜೊತೆಗೆ ದೂರ ಜಿಗಿಯುವ ಮುಸ್ಯ. ಒಂದೇ ಸೀಮೆಯಲ್ಲಿ ಇಷ್ಟು ಬಗೆಯ ನಡಿಗೆ ಇರುವಾಗ ಪಾದದ ಎಲುಬು ನೋಡಿ ಬದುಕಿನ ರೀತಿ ಹೇಳುವ ಆಸೆ ಸಹಜ. ಅಂಗಾಲ ಮೂಳೆಗೆ ಹೋಲಿಸಿದರೆ ಬೆರಳ ಮೂಳೆ ಉದ್ದವಿದ್ದರೆ ಮರವಾಸಿ, ಗಿಡ್ಡವಿದ್ದರೆ ನೆಲವಾಸಿ ಎಂಬುದು ರೂಢಿಯ ಸೂತ್ರ. ಆದರೆ ಅದು ಬೆಳೆದ ಪ್ರಾಣಿಗಳ ಸೂತ್ರ. ಮರಿಗಳಿಗೆ ಅನ್ವಯಿಸಿದರೆ ದಾರಿ ತಪ್ಪುತ್ತದೆ ಎಂಬುದು ನನ್ನ ವಾದ.

ಹುಟ್ಟಿದ ಮರಿಗೆ ಮೈಗೆ ಹೋಲಿಸಿದರೆ ಕೈಕಾಲು ದೊಡ್ಡವು. ತಾಯಿ ಕೊಂಬೆಯಿಂದ ಕೊಂಬೆಗೆ ಹಾರುವಾಗ ಅವಳ ಹೊಟ್ಟೆಯ ರೋಮ ಹಿಡಿದು ನೇತಾಡಲು ಕಾಲ್ಬೆರಳೂ ಬೇಕು. ಮುಂದೆ ಬೆರಳಿಗಿಂತ ಅಂಗಾಲ ಮೂಳೆ ಬೇಗ ಬೆಳೆಯುತ್ತದೆ. ಹೀಗಾಗಿ ನೆಲದ ಮೇಲೆ ಹೆಚ್ಚು ಓಡಾಡುವ ಜಾತಿಯ ಮರಿಯ ಪಾದವೂ ಮರವಾಸಿಯ ಪಾದದಂತೆ ಕಾಣಬಹುದು.

ಹಿಮ್ಮಡಿಯದು ಬೇರೆ ಕಥೆ, ನನಗೆ ಹೆಚ್ಚು ಮುಖ್ಯವೆನಿಸುವ ಕಥೆ. ಮೈ ಹಿಗ್ಗಿದಂತೆ ತೂಕ ಉದ್ದದ ಘನಕ್ಕೆ ತಕ್ಕಂತೆ ಏರಿದರೆ, ಸ್ನಾಯುವಿನ ಬಲ ವರ್ಗಕ್ಕೆ ತಕ್ಕಂತೆ ಮಾತ್ರ ಏರುತ್ತದೆ. ಕಣಕಾಲ ಕೀಲಿನ ಹಿಂದೆ ಚಾಚಿದ ಹಿಮ್ಮಡಿ ಮೂಳೆಯ ಭಾಗವನ್ನು ಮೀನಖಂಡದ ಸ್ನಾಯು ಎಳೆಯುತ್ತದೆ. ಮುಂದಿನ ಭಾಗ ಮೈಭಾರ ಹೊರುತ್ತದೆ. ಆದ್ದರಿಂದ ಭಾರ ಹೆಚ್ಚಿದಂತೆ ಹಿಂದಿನ ಭಾಗ ತುಲನೆಯಲ್ಲಿ ಉದ್ದವಾಗುವುದು ಅನುಕೂಲ. ಹೀಗೆ ಬೆಳೆಯಲು ಹಿಮ್ಮಡಿಯ ತುದಿಯಲ್ಲಿ ಪ್ರತ್ಯೇಕ ಬೆಳವಣಿಗೆಯ ಫಲಕವೇ ಇದೆ. ಸಂಶೋಧಕ ಅಡಾಲ್ಫ್ ಶುಲ್ಟ್ಸ್ 1963ರಲ್ಲಿ ಪ್ರೈಮೇಟ್‌ಗಳ ಪಾದದ ಭಾಗಗಳ ಉದ್ದವನ್ನು ಹೋಲಿಸಿದ್ದು ಈ ವಿಚಾರಕ್ಕೆ ತಳಹದಿ.

ವಯಸ್ಸನ್ನೂ ಗಾತ್ರವನ್ನೂ ಬೇರ್ಪಡಿಸುವುದು ಸುಲಭವಲ್ಲ. ತೋಟ-ರಸ್ತೆಗಳ ಮಂಗದಲ್ಲಿ ಬೆಳೆದ ಹೆಣ್ಣು ಸುಮಾರು 4 ಕಿಲೋ, ಗಂಡು 6ರಿಂದ 7 ಕಿಲೋ. 4 ಕಿಲೋ ತೂಗುವ ಎಳೆಯ ಗಂಡಿನ ಮೂಳೆತುದಿಗಳು ಇನ್ನೂ ಕೂಡಿಕೊಂಡಿರುವುದಿಲ್ಲ. ತೂಕ ಒಂದೇ, ಪಾದ ಬೇರೆ. ತೂಕವನ್ನಷ್ಟೇ ನೆಚ್ಚಿದ ರೇಖಾಚಿತ್ರ ಈ ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ.

ಇಲ್ಲಿ ಎಲುಬು ಆಯ್ದು ಅಳೆಯುವ ಮಾತೇ ಇಲ್ಲ. ನೆರೆಯ ಸೊರಬದ ಕ್ಯಾಸನೂರಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಸಿದ್ದಾಪುರವನ್ನೂ ಕಾಡಿದೆ. ಹಾಗಾಗಿ ಸತ್ತ ಮಂಗವನ್ನು ಮುಟ್ಟಬಾರದು. 1972ರ ವನ್ಯಜೀವಿ ಕಾಯ್ದೆಯ ಕಟ್ಟುಪಾಡೂ ಇದೆ. ಗಾಯಗೊಂಡು ಚಿಕಿತ್ಸೆಗೆ ಬಂದ ಮಂಗಗಳ ಕಾಲಿನ ಎಕ್ಸ್‌ರೇಯನ್ನು ಅನುಮತಿಯೊಡನೆ ಜೋಪಾನ ಮಾಡುವುದೊಂದು ದಾರಿ. ಆ ಚಿತ್ರದ ಜೊತೆ ಜಾತಿ, ಲಿಂಗ, ತೂಕ, ಫಲಕ ಕೂಡಿದೆಯೋ ಇಲ್ಲವೋ ಎಂಬುದನ್ನು ಮೊದಲು ಬರೆಯಬೇಕು, ಮಿಲಿಮೀಟರು ಆಮೇಲೆ.