ಮೊರಾಕೊ ಸರಣಿ, ಭಾಗ 5: ಉಪ್ಪು, ಚಿನ್ನ ಮತ್ತು ಮಣ್ಣಾಗಿ ಹೋದ ಒಂದು ಊರು

ಮೊರಾಕೊ ಅಂದ ತಕ್ಷಣ ನಿಮ್ಮ ಫೀಡ್‌ನಲ್ಲಿ ಬರೋದು ಎರಡೇ ಥರದ ಫೋಟೊ. ಒಂದು, ಫೆಸ್ ಮತ್ತು ಮರ್ರಾಕೇಶ್‌ನ ಇಕ್ಕಟ್ಟಾದ ಬಣ್ಣದ ಗಲ್ಲಿಗಳು. ಇನ್ನೊಂದು, ಮೆರ್ಜೂಗಾದ ಮರಳುದಿಬ್ಬದ ಮೇಲೆ ಒಂಟೆ ಸವಾರಿ. ಮೆರ್ಜೂಗಾಕ್ಕೆ ಸುಮಾರು 40 ಕಿ.ಮೀ. ಮೊದಲು ರಿಸ್ಸಾನಿ ಅಂತ ಒಂದು ಪುಟ್ಟ ಊರು ಸಿಗುತ್ತೆ. ಮರಳು ನೋಡೋ ಆತುರದಲ್ಲಿ ಅದನ್ನ ದಾಟಿ ಹೋಗಿಬಿಡೋದು ಸುಲಭ. ಆದರೆ ಆ ಎರಡು ಥರದ ಫೋಟೊಗಳಿಗೂ ಇರುವ ಸಂಬಂಧ ಗೊತ್ತಾಗೋದು ಇಲ್ಲೇ. ಇವತ್ತಿನ ಪೋಸ್ಟ್ ಸ್ವಲ್ಪ ಉದ್ದ, ಸೇವ್ ಮಾಡ್ಕೊಂಡು ನಿಧಾನಕ್ಕೆ ಓದಿ.

ಫೋಟೊ 1: ಕರಗುತ್ತಿರುವ ಗೋಡೆ

ರಿಸ್ಸಾನಿಯ ಅಂಚಿನಲ್ಲಿರುವ ಈ ಮಣ್ಣಿನ ಗೋಡೆಗಳನ್ನು ನೋಡಿ. ಇದು ಸಿಜಿಲ್ಮಾಸಾ. ಕ್ರಿ.ಶ. 757ರಲ್ಲಿ ಬರ್ಬರ್ ಜನರು ಕಟ್ಟಿದ ನಗರ. ಫೆಸ್ ಹುಟ್ಟಿದ್ದು 789ರಲ್ಲಿ, ಮರ್ರಾಕೇಶ್ ಸುಮಾರು 1070ರಲ್ಲಿ. ಅಂದ್ರೆ ಇದು ಇಬ್ಬರಿಗೂ ಅಕ್ಕ!

ಇಂಥ ಜಾಗದಲ್ಲಿ ಯಾಕೆ ಊರು ಕಟ್ಟಿದ್ರು? ಉತ್ತರ: ನೀರು. ಅಟ್ಲಾಸ್ ಬೆಟ್ಟಗಳಿಂದ ಇಳಿದು ಬರುವ ಝಿಝ್ ನದಿ ಇಲ್ಲಿ ತಾಫಿಲಾಲ್ತ್ ಎಂಬ ದೊಡ್ಡ ಓಯಸಿಸ್ ಮಾಡಿದೆ. ಖರ್ಜೂರದ ತೋಟಗಳಿಗೆ ಲೆಕ್ಕವಿಲ್ಲ. ಇಲ್ಲಿಂದ ದಕ್ಷಿಣಕ್ಕೆ ಹೊರಟರೆ ಮುಂದೆ ಸಹಾರಾ. ಮರುಭೂಮಿ ದಾಟುವ ವ್ಯಾಪಾರಿಗಳು ಒಂಟೆ ಕೊಳ್ಳೋದು, ಮೇವು ಕಟ್ಟಿಕೊಳ್ಳೋದು, ಜೊತೆ ಹುಡುಕೋದು ಎಲ್ಲ ಇಲ್ಲೇ. ನಮ್ಮ ಕಣ್ಣಿಗೆ ಮರುಭೂಮಿ ಅಂದ್ರೆ ದೇಶದ ಕೊನೆ. ಅವರಿಗೆ ಅದು ಸಮುದ್ರದ ಥರ, ಸಿಜಿಲ್ಮಾಸಾ ಅದರ ಬಂದರು.

ಫೋಟೊ 2: ಉಪ್ಪಿನ ಲೆಕ್ಕ

ಈಗ ಇಬ್ನ್ ಬತೂತನನ್ನು ಕರೀಬೇಕು. ಹೌದು, ಪಠ್ಯಪುಸ್ತಕದಲ್ಲಿ ತುಘಲಕ್ ಪಾಠದಲ್ಲಿ ಬರ್ತಾನಲ್ಲ, ಅವನೇ. ಹುಟ್ಟಿದ್ದು 1304ರಲ್ಲಿ, ಮೊರಾಕೊದ ಟ್ಯಾಂಜಿಯರ್‌ನಲ್ಲಿ. ಇಂಡಿಯಾ, ಚೀನಾ ಎಲ್ಲ ಸುತ್ತಿ ಬಂದಮೇಲೆ ಕೊನೆಯ ದೊಡ್ಡ ಪ್ರಯಾಣಕ್ಕೆ ಸಿಜಿಲ್ಮಾಸಾಕ್ಕೆ ಬಂದ. ಅಲ್ಲಿ ಅವನಿಗೆ ಉಳಿಯಲು ಜಾಗ ಕೊಟ್ಟವರ ಸೋದರನನ್ನು ಅವನು ಈ ಮೊದಲೇ ಭೇಟಿಯಾಗಿದ್ದ. ಎಲ್ಲಿ ಗೊತ್ತಾ? ಚೀನಾದಲ್ಲಿ! ಆ ಕಾಲದ ಜನ ಎಷ್ಟು ದೂರ ಹೋಗಿಬರ್ತಿದ್ರು ಅನ್ನೋದಕ್ಕೆ ಇಷ್ಟು ಸಾಕು.

1352ರ ಫೆಬ್ರವರಿಯಲ್ಲಿ ಒಂಟೆಗಳಿಗೆ ನಾಲ್ಕು ತಿಂಗಳ ಮೇವು ಹಾಕ್ಕೊಂಡು ಕಾರವಾನ್ ಜೊತೆ ಹೊರಟ. 25 ದಿನಕ್ಕೆ ತಗಾಜಾ ಸಿಕ್ಕಿತು. ಈಗ ಅದು ಮಾಲಿ ದೇಶದ ಉತ್ತರದಲ್ಲಿದೆ. ಅಲ್ಲಿ ಒಂದು ಮರ ಇಲ್ಲ. ಮನೆ, ಮಸೀದಿ ಎಲ್ಲ ಉಪ್ಪಿನ ಕಲ್ಲಿನಿಂದ ಕಟ್ಟಿದ್ದು, ಮೇಲೆ ಒಂಟೆ ಚರ್ಮದ ಹೊದಿಕೆ. ನೆಲ ಅಗೆದು ದೊಡ್ಡ ದೊಡ್ಡ ಉಪ್ಪಿನ ಹಲಗೆ ತೆಗೀತಿದ್ರು. ಒಂದು ಒಂಟೆಗೆ ಎರಡು ಹಲಗೆ.

ಈಗ ಲೆಕ್ಕ ನೋಡಿ. ಸಿಜಿಲ್ಮಾಸಾದಿಂದ ಎರಡು ತಿಂಗಳ ದೂರದ ವಲಾತಾ ಪಟ್ಟಣದಲ್ಲಿ ಒಂದು ಹೇರು ಉಪ್ಪಿಗೆ 8ರಿಂದ 10 ಮಿಸ್ಕಾಲ್. ಇನ್ನೂ ಮುಂದೆ, ಮಾಲಿಯ ರಾಜಧಾನಿಯಲ್ಲಿ 20ರಿಂದ 30, ಕೆಲವೊಮ್ಮೆ 40. ಒಂದು ಮಿಸ್ಕಾಲ್ ಅಂದ್ರೆ ಸುಮಾರು 4 ಗ್ರಾಂ ಚಿನ್ನ! ಅಲ್ಲಿ ಚಿನ್ನ ಇತ್ತು, ಉಪ್ಪು ಸಿಗ್ತಿರಲಿಲ್ಲ. ಉಪ್ಪನ್ನೇ ತುಂಡು ಮಾಡಿ ದುಡ್ಡಿನ ಥರ ಬಳಸ್ತಿದ್ರು ಅಂತಲೂ ಇಬ್ನ್ ಬತೂತ ಹೇಳ್ತಾನೆ.

ಫೋಟೊ 3: ಮರ್ರಾಕೇಶ್

ಈ ಚಿನ್ನ ಉತ್ತರಕ್ಕೆ ಬರ್ತಿದ್ದ ದಾರಿಯನ್ನು ಹಿಡಿದವನೇ ರಾಜ. ಸಹಾರಾದ ಅಲ್ಮೊರಾವಿದರು 1055ರ ಹೊತ್ತಿಗೆ ಮೊದಲು ಹಿಡಿದದ್ದು ಸಿಜಿಲ್ಮಾಸಾವನ್ನೇ. ಆಮೇಲೆ ಅಟ್ಲಾಸ್ ದಾಟಿ ಬಂದು ಮರ್ರಾಕೇಶ್ ಕಟ್ಟಿದರು. ಅವರ ಚಿನ್ನದ ನಾಣ್ಯಕ್ಕೆ ಎಷ್ಟು ಬೆಲೆ ಇತ್ತೆಂದರೆ, ಸ್ಪೇನಿನ ಕ್ರೈಸ್ತ ರಾಜರು ಅದನ್ನೇ ನೋಡಿ ತಮ್ಮ ನಾಣ್ಯ ಮಾಡಿಸಿದರು. ಅದರ ಹೆಸರು ‘ಮರಾವೆದಿ’ ಕೂಡ ಅಲ್ಮೊರಾವಿದರ ಹೆಸರಿನಿಂದಲೇ ಬಂದದ್ದು. ಮರ್ರಾಕೇಶ್‌ನ ಕೆಂಪು ಗೋಡೆ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಇದನ್ನ ಒಂದ್ಸಲ ನೆನಪು ಮಾಡ್ಕೊಳ್ಳಿ.

ಫೋಟೊ 4: ಫೆಸ್, ಜೊತೆಗೆ ನಮ್ಮ ಹೊನ್ನಾವರ

ಇದು ಫೆಸ್‌ನ ಬೂ ಇನಾನಿಯಾ ಮದರಸಾ. 1350ರ ದಶಕದಲ್ಲಿ ಸುಲ್ತಾನ್ ಅಬೂ ಇನಾನ್ ಕಟ್ಟಿಸಿದ್ದು. ಕೆತ್ತನೆಯ ದೇವದಾರು, ಗಾರೆ, ನೆಲದ ಟೈಲ್ಸ್, ಯಾವುದನ್ನ ನೋಡೋದು ಯಾವುದನ್ನ ಬಿಡೋದು! ಇದೇ ಸುಲ್ತಾನನ ಅಪ್ಪಣೆಯಂತೆ ಇಬ್ನ್ ಬತೂತ ತನ್ನ ಕಥೆ ಹೇಳಿದ, ಇಬ್ನ್ ಜುಝೈ ಬರೆದುಕೊಂಡ. 1355ರಲ್ಲಿ ‘ರಿಹ್ಲಾ’ ಮುಗೀತು.

ಆ ಪುಸ್ತಕದಲ್ಲಿ ನಮ್ಮ ಹೊನ್ನಾವರವೂ ಇದೆ. 1340ರ ದಶಕದಲ್ಲಿ ಅಲ್ಲಿಗೆ ಬಂದಿದ್ದ ಅವನು, ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವು, ಇಂಥದ್ದನ್ನ ಬೇರೆಲ್ಲೂ ನೋಡಿಲ್ಲ ಅಂತ ದಾಖಲಿಸಿದ್ದಾನೆ. ಅಂದ್ರೆ ಶರಾವತಿ ದಡದ ಹುಡುಗಿಯರ ಶಾಲೆಯ ಸುದ್ದಿ ಕಾಗದಕ್ಕೆ ಇಳಿದದ್ದು ಮೊರಾಕೊದಲ್ಲಿ!

ಫೋಟೊ 5: ಹೆಸರಿಲ್ಲದವರು

ಇಲ್ಲಿ ಸ್ವಲ್ಪ ನಿಲ್ಲಿ. ತಗಾಜಾದಲ್ಲಿ ಉಪ್ಪು ಅಗೆಯುತ್ತಿದ್ದವರು ಗುಲಾಮರು. ಅವರನ್ನು ಬಿಟ್ಟರೆ ಆ ಊರಲ್ಲಿ ಯಾರೂ ವಾಸ ಮಾಡುವುದಿಲ್ಲ ಅಂತ ಇಬ್ನ್ ಬತೂತನೇ ಹೇಳಿದ್ದಾನೆ. ಕುಡಿಯೋಕೆ ಉಪ್ಪುನೀರು. ತಿನ್ನೋಕೆ ಸಿಜಿಲ್ಮಾಸಾ ಕಡೆಯಿಂದ ಬರುವ ಖರ್ಜೂರ, ಒಂಟೆ ಮಾಂಸ, ದಕ್ಷಿಣದಿಂದ ಬರುವ ಧಾನ್ಯ. ಕಾರವಾನ್ ಬರದಿದ್ದರೆ ಊಟವೇ ಇಲ್ಲ.

1353ರಲ್ಲಿ ಅವನು ಮರಳಿ ಬಂದ ಕಾರವಾನ್‌ನಲ್ಲಿ ಸುಮಾರು 600 ಹೆಣ್ಣು ಗುಲಾಮರಿದ್ದರು. ಒಂದೇ ವಾಕ್ಯದಲ್ಲಿ ಅವರ ಮಾತು ಮುಗಿದುಹೋಗುತ್ತೆ. ಹೊನ್ನಾವರದ ಹುಡುಗಿಯರು ಓದುವುದನ್ನು ಕಂಡು ಬೆರಗಾದ ಪುಸ್ತಕವೇ ಈ 600 ಜನರಲ್ಲಿ ಒಬ್ಬರ ಹೆಸರನ್ನೂ ಬರೆದುಕೊಂಡಿಲ್ಲ. ನಾವು ಲೈಕ್ ಒತ್ತುವ ಆ ಕೆತ್ತನೆ, ಟೈಲ್ಸ್‌ಗಳ ಹಿಂದಿನ ಸಂಪತ್ತಿನಲ್ಲಿ ಇವರ ದುಡಿಮೆಯೂ ಇದೆ. ಅಂದ ಚಂದ ನೋಡಿ ಖುಷಿಪಡಿ, ಬೇಡ ಅನ್ನೋರು ಯಾರು? ಆದ್ರೆ ಇತಿಹಾಸ ಓದ್ತೀವಿ ಅನ್ನೋರು ಇದನ್ನೂ ಸೇರಿಸಿಯೇ ಓದಬೇಕು.

ಫೋಟೊ 6: ಆಮೇಲೇನಾಯ್ತು?

14ನೇ ಶತಮಾನದ ಕೊನೆಯ ಹೊತ್ತಿಗೆ ಸಿಜಿಲ್ಮಾಸಾ ಕುಸಿಯಿತು. ಜನ ಸುತ್ತಲಿನ ಕ್ಸಾರ್‌ಗಳಿಗೆ, ಅಂದ್ರೆ ಗೋಡೆ ಕಟ್ಟಿದ ಮಣ್ಣಿನ ಹಳ್ಳಿಗಳಿಗೆ ಚದುರಿದರು. 15ನೇ ಶತಮಾನದಲ್ಲಿ ಪೋರ್ಚುಗೀಸರು ಹಡಗಿನಲ್ಲೇ ಪಶ್ಚಿಮ ಆಫ್ರಿಕಾ ತಲುಪಿ, 1482ರಲ್ಲಿ ಎಲ್ಮಿನಾ ಕೋಟೆ ಕಟ್ಟಿದ ಮೇಲೆ ಚಿನ್ನದ ಒಂದು ಪಾಲು ಸಮುದ್ರದ ದಾರಿ ಹಿಡಿಯಿತು. ಮಣ್ಣಿನ ಗೋಡೆಗೆ ವರ್ಷವರ್ಷ ಮೆತ್ತಿಗೆ ಹಾಕದಿದ್ದರೆ ಮಳೆಗಾಳಿಗೆ ಕರಗಿಹೋಗುತ್ತೆ. ಸಿಜಿಲ್ಮಾಸಾಕ್ಕೂ ಅದೇ ಆಯ್ತು.

ಆದ್ರೂ ತಾಫಿಲಾಲ್ತ್ ಸುಮ್ಮನಾಗಲಿಲ್ಲ. ಇವತ್ತಿಗೂ ಮೊರಾಕೊ ಆಳುತ್ತಿರುವ ಅಲಾವಿ ರಾಜಮನೆತನ ಬಂದದ್ದು ಇಲ್ಲಿಂದಲೇ. ಅವರ ಹಿರಿಯ ಮೌಲೇ ಅಲಿ ಶರೀಫ್ ಸಮಾಧಿ ರಿಸ್ಸಾನಿಯಲ್ಲೇ ಇದೆ.

ಹೋಗೋ ಪ್ಲಾನ್ ಇರೋರಿಗೆ: ರಿಸ್ಸಾನಿ ಸಂತೆ ಭಾನುವಾರ, ಮಂಗಳವಾರ, ಗುರುವಾರ. ಮೆರ್ಜೂಗಾಕ್ಕೆ ಹೋಗೋ ಮುಂಚೆ ಇಲ್ಲಿ ಅರ್ಧ ದಿನ ಇಡಿ. ಮೊದಲು ಗೋಡೆ ನೋಡಿ, ಆಮೇಲೆ ಖರ್ಜೂರ ಕೊಳ್ಳಿ. ಆಗ ಸಂಜೆ ಹತ್ತುವ ಮರಳುದಿಬ್ಬ ಬರೀ ಫೋಟೊದ ಹಿನ್ನೆಲೆ ಅನ್ನಿಸೋದಿಲ್ಲ, ಅದರಾಚೆ ಒಂದು ದಾರಿ ಕಾಣುತ್ತೆ.

ನಿಮ್ಮೂರ ಹತ್ತಿರವೂ ಹೀಗೆ ಒಂದು ಕಾಲಕ್ಕೆ ದೊಡ್ಡ ಪೇಟೆಯಾಗಿದ್ದು ಈಗ ಯಾರೂ ನಿಲ್ಲದ ಊರು ಇದೆಯಾ? ಕಾಮೆಂಟ್‌ನಲ್ಲಿ ಹೆಸರು ಹಾಕಿ. ಮುಂದಿನ ಭಾಗ: ಐತ್ ಬೆನ್‌ಹದ್ದು.

#ಮೊರಾಕೊಸರಣಿ #ಸಿಜಿಲ್ಮಾಸಾ #ಇಬ್ನ್‌ಬತೂತ #ಕನ್ನಡದಲ್ಲಿಇತಿಹಾಸ