ಪ್ರಯೋಗಶಾಲೆಯಿಂದ ಪೇಟೆಗೆ: ಮೈಸೂರಿನ ಗಂಧದೆಣ್ಣೆ

ವಿದುರಾಶ್ವತ್ಥವಿರುವ ಚಿಕ್ಕಬಳ್ಳಾಪುರ ಸೀಮೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಕಾಲದ ಉದ್ಯಮಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಅವರ ದೂರದೃಷ್ಟಿಯೊಂದನ್ನೇ ಕಾರಣವೆಂದು ಹೇಳಿ ಮುಗಿಸುತ್ತಾರೆ. ಗಂಧದೆಣ್ಣೆಯ ವಿಷಯದಲ್ಲಿ ಈ ವಿವರಣೆ ಸಾಲದೆಂದು ನಮಗೆ ತೋರುತ್ತದೆ.

1914ಕ್ಕೆ ಮುಂಚೆ ಸರ್ಕಾರವು ಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವುಗಳಲ್ಲಿ ಹೆಚ್ಚಿನ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮಹಾಯುದ್ಧ ಆರಂಭವಾದೊಡನೆ ಆ ದಾರಿ ಮುಚ್ಚಿತು. ಮರವು ಕೋಠಿಗಳಲ್ಲಿಯೇ ಉಳಿಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಸಡ್‌ಬರೋ ಮತ್ತು ವಾಟ್ಸನ್ನರು ಬಟ್ಟಿ ಇಳಿಸುವ ಪ್ರಯೋಗಗಳನ್ನು ನಡೆಸಿದರು. ಕೈಗಾರಿಕಾ ಇಲಾಖೆಯ ಆಲ್‌ಫ್ರೆಡ್ ಚ್ಯಾಟರ್ಟನ್ನರು ಇದಕ್ಕೆ ಒತ್ತಾಸೆಯಾಗಿದ್ದರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಸರ್ಕಾರಿ ಕಾರ್ಖಾನೆಗಳು ಎದ್ದವು.

ಇಷ್ಟು ಶೀಘ್ರವಾಗಿ ಇದು ಸಾಧ್ಯವಾದುದು ಹೇಗೆ? ಬಟ್ಟಿ ಇಳಿಸುವ ವಿದ್ಯೆ ಹೊಸ ಶೋಧವೇನಲ್ಲ. ನಮ್ಮ ವಿದ್ಯಾರ್ಥಿಗಳು ಇಲ್ಲಿ ಆಗಾಗ ತಪ್ಪುತ್ತಾರೆ. ಗಂಧದ ಮರವು ಎಲ್ಲಿ ಬೆಳೆದರೂ ರಾಜ್ಯದ ಸ್ವತ್ತಾಗಿತ್ತು, ಬಂಡವಾಳವೂ ರಾಜ್ಯದ್ದೇ. ಇದಕ್ಕಿಂತ ಮಿಗಿಲಾಗಿ, ಎಣ್ಣೆಯನ್ನು ಕೊಳ್ಳುವವರು ಮೊದಲೇ ಇದ್ದರು. ಅದು ಅಂದಿನ ಯೂರೋಪಿನ ವೈದ್ಯರು ಬಳಸುತ್ತಿದ್ದ ಔಷಧ. ಬ್ರಿಟಿಷ್ ಔಷಧಸಂಹಿತೆಯು ಅದರಲ್ಲಿ ಶೇಕಡಾ 90ರಷ್ಟು ಸ್ಯಾಂಟಲಾಲ್ ಇರಬೇಕೆಂದು ವಿಧಿಸಿತ್ತು. ಪ್ರಯೋಗಶಾಲೆಯು ಮುಟ್ಟಬೇಕಾದ ಗುರಿಯನ್ನು ಹೀಗೆ ಪೇಟೆಯೇ ಅಂಕೆಯಲ್ಲಿ ಬರೆದು ಕೊಟ್ಟಿತ್ತು.

ಅದೇ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಕಂಪೆನಿಯವರೊಡಗೂಡಿ ರೂಪಿಸಿ 2001ರಲ್ಲಿ ಹೊರಗೆ ತೋರಿಸಿದ ‘ಸಿಂಪ್ಯೂಟರ್’ ಎಂಬ ಕೈಗಣಕಕ್ಕೆ ಈ ಅನುಕೂಲವಿರಲಿಲ್ಲ. ಅಧ್ಯಾಪಕರೇ ಪಿಕೋಪೀಟಾ ಎಂಬ ಕಂಪೆನಿಯನ್ನು ಕಟ್ಟಿದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಅದನ್ನು ತಯಾರಿಸಿತು. ಜಾಣ್ಮೆಗೆ ಕೊರತೆಯಿರಲಿಲ್ಲ. ಆದರೆ ಹಳ್ಳಿಗರಿಗೆಂದು ಯೋಚಿಸಿದ ಆ ಯಂತ್ರವನ್ನು ಹಳ್ಳಿಗರ ಪರವಾಗಿ ಯಾರು ಕೊಳ್ಳಬೇಕೆಂಬುದು ಇತ್ಯರ್ಥವಾಗಿರಲಿಲ್ಲ. ಮಾರಾಟವು ನಿರೀಕ್ಷೆಯ ಸಮೀಪಕ್ಕೂ ಬರಲಿಲ್ಲ.

ಕೊಳ್ಳುವವರು ಮೊದಲೇ ಇರದಿದ್ದರೆ ಎಲ್ಲವೂ ಸೋಲುವುದೆಂದು ನಾವು ವಾದಿಸುವುದಿಲ್ಲ. ಗಂಧದ ಸಾಬೂನಿಗೂ ಸಿದ್ಧ ಗ್ರಾಹಕರಿರಲಿಲ್ಲ. ರಸಾಯನವಿಜ್ಞಾನಿ ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಆ ವಿದ್ಯೆಯನ್ನು ಕಲಿಸಲಾಯಿತು. 1918ರಲ್ಲಿ ಹೊರಬಂದ ಆ ಸಾಬೂನಿನ ಹೆಸರನ್ನು ಮುಂದೆ ಟ್ರಾಂ ಚೀಟಿಗಳ ಮೇಲೂ ಬೆಂಕಿಪೆಟ್ಟಿಗೆಗಳ ಮೇಲೂ ಅಚ್ಚುಹಾಕಿಸಿ ಊರೂರಿಗೆ ಮುಟ್ಟಿಸಿದರು.